ಅಡಿಕೆ ತೋಟದಲ್ಲಿ ಡೆಂಗ್ಯೂ: ಬಿದ್ದ ಹಾಳೆಯಿಂದ ಶುರುವಾಗುವ ಕೆಲಸ

ಮಂಜೇಶ್ವರ, ಕಾಸರಗೋಡು ತಾಲೂಕುಗಳ ಒಳನಾಡಿನಲ್ಲಿ ಒಂದು ಮನೆಗೆ ಡೆಂಗ್ಯೂ ಬಂತೆಂದು ಗೊತ್ತಾದ ಕೂಡಲೇ ಊರವರು ಕೇಳುವುದು, "ಫಾಗಿಂಗಿನವರು ಯಾವಾಗ ಬರುತ್ತಾರೆ?" ಎಂದು. ಹೊಗೆಯ ಯಂತ್ರ ಗರ್ರೆಂದು ಒಂದು ಸುತ್ತು ಬಂದು ಹೋದರೆ ಎಲ್ಲರಿಗೂ ಸಮಾಧಾನ. ವಾರ್ಡಿನ ಆರೋಗ್ಯ ತಂಡದಲ್ಲಿ ಮಳೆಗಾಲವಿಡೀ ತೋಟ ಸುತ್ತುವ ನಮಗೆ ಆ ಸಮಾಧಾನ ಇಲ್ಲ. ಇಲ್ಲಿ ಜ್ವರ ನಿಲ್ಲಬೇಕಾದರೆ ಅಡಿಕೆ ಮರದ ಬುಡಕ್ಕೆ ಹೋಗಬೇಕು, ಬಿದ್ದ ಹಾಳೆ (ಸೋಗೆಯ ಬುಡದ ಅಗಲ ಪೊರೆ) ಎತ್ತಬೇಕು, ನೀರು ಚೆಲ್ಲಿ ಹಾಳೆಯನ್ನು ಸೀಳಬೇಕು. ವಾರ ಕಳೆದ ಮೇಲೆ ಅದನ್ನೇ ಮತ್ತೆ ಮಾಡಬೇಕು. ಒಂದು ಮನೆಯಿಂದ ಜ್ವರದ ಸುದ್ದಿ ಬಂದಲ್ಲಿಂದ ಹಿಡಿದು ಆ ಕೆಲಸ ಹೇಗೆ ಸಾಗುತ್ತದೆ, ಎಲ್ಲಿ ಕೆಡುತ್ತದೆ ಎನ್ನುವುದನ್ನು ಇಲ್ಲಿ ಬರೆಯುತ್ತಿದ್ದೇವೆ.

ಮೊದಲು ಸೊಳ್ಳೆಯ ವಿಷಯ. ಪೇಟೆಯ ಡೆಂಗ್ಯೂ ಹೆಚ್ಚಾಗಿ ಈಡಿಸ್ ಈಜಿಪ್ಟಿಯದ್ದು. ಅದು ಮನೆಯೊಳಗೇ ಇದ್ದು ಮನೆಯ ನೀರಿನಲ್ಲೇ ಮೊಟ್ಟೆ ಇಡುತ್ತದೆ. ನಮ್ಮ ತೋಟಗಳಲ್ಲಿ ಕಾಣುವುದು ಅದರ ದಾಯಾದಿ ಈಡಿಸ್ ಆಲ್ಬೊಪಿಕ್ಟಸ್. ಮೈ ಕಪ್ಪು, ಕಾಲಿಗೆ ಬಿಳಿ ಪಟ್ಟಿ, ಬೆನ್ನಿನ ನಡುವೆ ಉದ್ದಕ್ಕೆ ಒಂದೇ ಒಂದು ಬಿಳಿ ಗೆರೆ. ನೆರಳು, ಪೊದೆ, ಕೊಳೆತ ಎಲೆಯ ನೀರು ಇದಕ್ಕೆ ಇಷ್ಟ. ಕಚ್ಚುವುದು ಹಗಲಲ್ಲಿ, ಬೆಳಗ್ಗೆ ಬಿಸಿಲೇರುವ ಮೊದಲು ಮತ್ತು ಸಂಜೆ ಕತ್ತಲಾಗುವ ಮೊದಲು ಜೋರು. ಅಡಿಕೆ ಹೆಕ್ಕುವವರ ಮೊಣಕಾಲು, ಮೊಣಕೈಗೆ ಮುತ್ತುವುದು ಇದೇ. 2007ರಲ್ಲಿ ಕೇರಳದಲ್ಲಿ ಚಿಕುನ್‌ಗುನ್ಯ ಹರಡಿದಾಗ ವೈರಸ್ಸಿನ ಇ1 ಪ್ರೋಟೀನಿನ 226ನೇ ಸ್ಥಾನದಲ್ಲಿ ಒಂದು ಸಣ್ಣ ಬದಲಾವಣೆ ಪತ್ತೆಯಾಗಿತ್ತು. ಆ ಬದಲಾವಣೆಯಿಂದ ವೈರಸ್ಸಿಗೆ ಆಲ್ಬೊಪಿಕ್ಟಸ್ ಸೊಳ್ಳೆಯೊಳಗೆ ಬೆಳೆಯುವುದು ಸಲೀಸಾಯಿತು. ರಬ್ಬರ್, ಅಡಿಕೆ, ಕೊಕ್ಕೊ ಇರುವ ಊರುಗಳಲ್ಲಿ ಮನೆಮಂದಿಯೆಲ್ಲ ಗಂಟು ನೋವಿನಿಂದ ಮಲಗಿದ್ದರ ಹಿಂದೆ ಈ ತೋಟದ ಸೊಳ್ಳೆ ಇತ್ತು. ಡೆಂಗ್ಯೂ ಕೇರಳದಲ್ಲಿ ಮೊದಲು ವರದಿಯಾದದ್ದು 1997ರಲ್ಲಿ, ಕೋಟ್ಟಯಂ ಜಿಲ್ಲೆಯಿಂದ. ಅದೂ ರಬ್ಬರಿನ ನಾಡೇ.

ಜ್ವರದ ಮನೆಗೆ ಹೋದ ಕೂಡಲೇ ನಾವು ಕೇಳುವುದು ಜ್ವರ ಶುರುವಾದ ದಿನ. ಆಸ್ಪತ್ರೆಗೆ ಹೋದ ದಿನ ಬೇರೆ, ಟೆಸ್ಟ್ ಮಾಡಿಸಿದ ದಿನ ಬೇರೆ; ಮೈ ಬಿಸಿಯಾದ ಮೊದಲ ದಿನವೇ ಬೇಕು. ಎಲ್ಲ ಲೆಕ್ಕವೂ ಅದರ ಮೇಲೆ ನಿಂತಿದೆ. ರಕ್ತದಲ್ಲಿ ವೈರಸ್ಸಿನ ಪ್ರೋಟೀನು ಹುಡುಕುವ ಎನ್ಎಸ್1 ಪರೀಕ್ಷೆ ಸರಿಯಾಗಿ ತೋರಿಸುವುದು ಜ್ವರದ ಮೊದಲ ಐದು ದಿನಗಳಲ್ಲಿ. ವೈರಸ್ಸಿನ ವಿರುದ್ಧ ಮೈ ತಯಾರಿಸುವ ಐಜಿಎಂ ಪ್ರತಿಕಾಯ ಕಾಣಿಸಿಕೊಳ್ಳುವುದು ಸುಮಾರು ಐದನೇ ದಿನದ ನಂತರ. ಏಳನೇ ದಿನ ಎನ್ಎಸ್1 ಮಾತ್ರ ಮಾಡಿಸಿ "ನೆಗೆಟಿವ್ ಬಂತು, ಡೆಂಗ್ಯೂ ಅಲ್ಲವಂತೆ" ಎಂದು ನಿರಾಳರಾಗುವವರು ಬಹಳ. ಆ ಚೀಟಿಗೆ ಅಷ್ಟು ಬೆಲೆ ಇಲ್ಲ.

ನಂತರ ಹಿಂದಕ್ಕೆ ಎಣಿಸುತ್ತೇವೆ. ಸೊಳ್ಳೆ ಕಚ್ಚಿ 4ರಿಂದ 10 ದಿನಕ್ಕೆ ಜ್ವರ ಬರುತ್ತದೆ. ಕಚ್ಚಿದ ಆ ಸೊಳ್ಳೆ ಅದಕ್ಕೆ ಮೊದಲು ಇನ್ನೊಬ್ಬ ರೋಗಿಯ ರಕ್ತ ಹೀರಿ, ವೈರಸ್ ಅದರ ಹೊಟ್ಟೆಯಿಂದ ಜೊಲ್ಲಿನವರೆಗೆ ಏರಲು 8ರಿಂದ 12 ದಿನ ಹಿಡಿದಿರುತ್ತದೆ. ಅಂದರೆ ನಮ್ಮ ಕೈಗೆ ಮೊದಲ ರಿಪೋರ್ಟು ಸಿಗುವಾಗ ವೈರಸ್ ಆ ಪರಿಸರಕ್ಕೆ ಬಂದು ಎರಡು-ಮೂರು ವಾರ ಆಗಿಹೋಗಿದೆ. ಹಾಗಾಗಿ "ಈಗ ಯಾರಿಗೆ ಜ್ವರ?" ಎಂದು ಕೇಳಿ ಬಿಟ್ಟರೆ ಸಾಲದು. "ಅಕ್ಕ, ಮೂರು ವಾರದ ಹಿಂದೆ ಆಚೀಚೆ ಮನೆಯಲ್ಲಿ ಯಾರಾದರೂ ಮೈಕೈ ನೋವು ಅಂತ ಎರಡು ದಿನ ಮಲಗಿದ್ದರಾ?" ಎಂದು ಕೇಳಬೇಕು. ಸೋಂಕು ತಗಲಿದವರಲ್ಲಿ ಹೆಚ್ಚಿನವರಿಗೆ ಲಕ್ಷಣವೇ ಇರುವುದಿಲ್ಲ ಅಥವಾ ಸಾದಾ ಜ್ವರದಲ್ಲಿ ಮುಗಿಯುತ್ತದೆ. ಅವರಿಂದಲೂ ಸೊಳ್ಳೆ ವೈರಸ್ ಪಡೆಯುತ್ತದೆ.

ಎಲ್ಲಿ ಕಚ್ಚಿತು ಎನ್ನುವುದೂ ಮುಖ್ಯ. ಶಾಲೆಗೆ ಹೋಗುವ ಮಗುವೇ, ಬೇರೆಯವರ ತೋಟಕ್ಕೆ ಕೂಲಿಗೆ ಹೋಗುವವರೇ, ಹಗಲಿಡೀ ಮನೆಯಲ್ಲಿರುವ ಅಜ್ಜಿಯೇ? ಈ ಸೊಳ್ಳೆ ಹಗಲಿನದ್ದಾದ್ದರಿಂದ ರಾತ್ರಿ ಎಲ್ಲಿ ಮಲಗಿದರು ಎಂಬುದಕ್ಕಿಂತ ಹಗಲು ಎಲ್ಲಿದ್ದರು ಎಂಬುದು ಬೇಕು. ಕೂಲಿಯವರ ಮನೆ ಸುತ್ತ ಎಷ್ಟು ಹುಡುಕಿದರೂ ಏನೂ ಸಿಗದೆ, ಅವರು ಕೆಲಸ ಮಾಡುವ ತೋಟದಲ್ಲಿ ಹಾಳೆ ಹಾಳೆಯಲ್ಲೂ ಸೊಳ್ಳೆಯ ಮರಿ ಸಿಗುವುದು ಮಾಮೂಲು.

ಹೊರಡುವಾಗ ಕೈಯಲ್ಲಿರುವ ಸಾಮಾನು ಸ್ವಲ್ಪವೇ: ಒಂದು ಟಾರ್ಚು, ಬಿಳಿ ಪ್ಲಾಸ್ಟಿಕ್ ಬೋಗುಣಿ, ಬಿಳಿ ಸೌಟು, ಚಾ ಸೋಸುವ ಜಾಲರಿ, ಕತ್ತಿ, ಒಂದು ಉದ್ದ ಕೋಲು, ರಿಜಿಸ್ಟರು. ಕಾಲಿಗೆ ಗಂಬೂಟು, ಮೈಗೆ ತುಂಬು ತೋಳಿನ ಅಂಗಿ. ಕೋಲು ಹಾವಿಗಾಗಿ. ಬಿದ್ದ ಹಾಳೆಯ ಅಡಿ ತಂಪಾಗಿರುವುದರಿಂದ ಹಾವು, ಚೇಳು ಸೇರಿಕೊಂಡಿರುತ್ತವೆ. ಕೋಲಿನಲ್ಲಿ ಅಲುಗಾಡಿಸದೆ ಹಾಳೆಯ ಅಡಿಗೆ ಕೈ ಹಾಕುವ ಹಾಗಿಲ್ಲ. ಗಂಬೂಟು ಇಲಿಜ್ವರಕ್ಕಾಗಿ. ತೋಟದ ಕಣಿಯ (ನೀರು ಹರಿಯುವ ಚರಂಡಿಯ) ನೀರಿಗೆ ಇಲಿಯ ಮೂತ್ರ ಸೇರಿ, ಕಾಲಿನ ಗಾಯದ ಮೂಲಕ ರೋಗಾಣು ಒಳಗೆ ಹೋಗುತ್ತದೆ. ಮಳೆಗಾಲದಲ್ಲಿ ಕಣಿ ಕೆಲಸ ಮಾಡುವವರಿಗೆ ಆರೋಗ್ಯ ಕೇಂದ್ರದಲ್ಲಿ ವಾರಕ್ಕೊಮ್ಮೆ 200 ಮಿಲಿಗ್ರಾಂ ಡಾಕ್ಸಿಸೈಕ್ಲಿನ್ ಕೊಡುತ್ತಾರೆ. ಊಟ ಮಾಡಿ, ತುಂಬ ನೀರಿನ ಜೊತೆ ನುಂಗಬೇಕು. ಗರ್ಭಿಣಿಯರಿಗೂ ಸಣ್ಣ ಮಕ್ಕಳಿಗೂ ಅದು ಆಗುವುದಿಲ್ಲ. ಮೀನಖಂಡ ಹಿಡಿದುಕೊಂಡು, ಕಣ್ಣು ಕೆಂಪಾಗಿ ಜ್ವರ ಬಂದರೆ ಡೆಂಗ್ಯೂ ಎಂದು ಕಾಯದೆ ಇಲಿಜ್ವರಕ್ಕೆ ನೋಡಿಸಿ.

ಮನೆಯ ಒಳಗೆ ಮತ್ತು ಅಂಗಳದಲ್ಲಿ ನೋಡುವ ಜಾಗಗಳು ಹೆಚ್ಚು ಕಡಿಮೆ ಎಲ್ಲರಿಗೂ ಗೊತ್ತು. ಫ್ರಿಜ್ಜಿನ ಹಿಂದಿನ ತಟ್ಟೆ, ಮನಿಪ್ಲಾಂಟಿನ ಬಾಟಲಿ, ಹೂಕುಂಡದ ಅಡಿತಟ್ಟೆ, ಟೆರೇಸಿನಲ್ಲಿ ಮಡಚಿಟ್ಟ ಟರ್ಪಾಲು, ಟ್ಯಾಂಕಿನ ಒಡೆದ ಮುಚ್ಚಳ. ಅವನ್ನು ಬೇಗ ಮುಗಿಸಬಹುದು. ಕಣ್ಣು ತಪ್ಪುವ ಜಾಗಗಳು ಬೇರೆ ಇವೆ. ಗ್ರೈಂಡರು ಬಂದ ಮೇಲೆ ಹಿತ್ತಿಲಿಗೆ ಸೇರಿದ ಹಳೆಯ ಕಡೆಯುವ ಕಲ್ಲು ಅವುಗಳಲ್ಲೊಂದು. ಅದರ ಗುಳಿಯಲ್ಲಿ ಮಳೆ ನೀರು, ಮೇಲೆ ಉದುರಿದ ಎಲೆ. ಎತ್ತಲು ಆಗದಷ್ಟು ಭಾರ, ಎಸೆಯಲು ಮನಸ್ಸಿಲ್ಲ. ಗುಳಿಗೆ ಮಣ್ಣು ತುಂಬಿಸಿ ಒಂದು ದಾಸವಾಳದ ಗೆಲ್ಲು ಊರಿಬಿಡಿ ಎನ್ನುತ್ತೇವೆ, ಹೆಚ್ಚಿನವರು ಒಪ್ಪುತ್ತಾರೆ. ಮಾಡಿನ ನೀರು ಹೋಗಲು ಅಡಿಕೆ ಮರ ಸೀಳಿ ಕಟ್ಟಿದ ದಂಬೆ ಇನ್ನೊಂದು. ಹೊಸತಿರುವಾಗ ಇಳಿಜಾರು ಸರಿ ಇರುತ್ತದೆ, ಎರಡನೇ ಮಳೆಗಾಲಕ್ಕೆ ನಡು ತಗ್ಗುತ್ತದೆ, ತಗ್ಗಿದಲ್ಲಿ ಒಂದಿಂಚು ನೀರು ನಿಲ್ಲುತ್ತದೆ. ಕೆಳಗಿನಿಂದ ನೋಡಿದರೆ ಕಾಣದು, ಏಣಿ ಇಟ್ಟು ಹತ್ತಬೇಕು. ತಗ್ಗಿದ ಜಾಗದಲ್ಲಿ ಅಡಿಗೊಂದು ತೂತು ಕೊರೆದರೆ ಸಾಕು. ಹಟ್ಟಿಯ ಅಕ್ಕಚ್ಚಿನ ಬಾನಿ ದಿನಾ ಖಾಲಿಯಾಗುವುದರಿಂದ ತೊಂದರೆ ಇಲ್ಲ. ದನ ಮಾರಿದ ಮನೆಯ ಖಾಲಿ ಬಾನಿಯಲ್ಲೇ ತೊಂದರೆ.

ಇನ್ನು ತೋಟ. ಒಂದು ಅಡಿಕೆ ಮರ ವರ್ಷಕ್ಕೆ ಐದಾರು ಹಾಳೆ ಉದುರಿಸುತ್ತದೆ. 2.7 ಮೀಟರ್ ಅಂತರದಲ್ಲಿ ನೆಟ್ಟರೆ ಎಕರೆಗೆ ಸುಮಾರು 550 ಮರ. ಲೆಕ್ಕ ಹಾಕಿ ನೋಡಿ: ಎಕರೆಗೆ ವರ್ಷಕ್ಕೆ ಮೂರು ಸಾವಿರ ಹಾಳೆ, ವಾರಕ್ಕೆ ಸರಾಸರಿ ಐವತ್ತು-ಅರವತ್ತು. ಮಳೆಗಾಲಕ್ಕೆ ಮೊದಲು ಒಂದು ದಿನ ಎಲ್ಲರೂ ಸೇರಿ ತೋಟ ಸ್ವಚ್ಛ ಮಾಡಿದರೂ ಮುಂದಿನ ವಾರಕ್ಕೆ ಹೊಸ ಐವತ್ತು ಹಾಳೆ ನೆಲದಲ್ಲಿರುತ್ತವೆ. ಮೇ ತಿಂಗಳ ಸ್ವಚ್ಛತಾ ಅಭಿಯಾನ ಮುಗಿಸಿ ಜುಲೈಯಲ್ಲಿ ಡೆಂಗ್ಯೂ ಬಂದಾಗ "ನಾವು ಎಲ್ಲ ಮಾಡಿದ್ದೆವಲ್ಲ" ಎಂದು ಆಶ್ಚರ್ಯಪಡುವುದಕ್ಕೆ ಕಾರಣ ಇದು.

ಬಿದ್ದ ಹಾಳೆಗಳೆಲ್ಲ ನೀರು ಹಿಡಿಯುವುದಿಲ್ಲ. ಕವುಚಿ ಬಿದ್ದದ್ದು ಹಿಡಿಯದು. ಅಂಗಾತ ಬಿದ್ದದ್ದು ಒಣಗುತ್ತಾ ಎರಡೂ ಅಂಚು ಒಳಕ್ಕೆ ಮಡಚಿಕೊಂಡು ಪುಟ್ಟ ದೋಣಿಯ ಹಾಗೆ ಕೂರುತ್ತದೆ. ಅದರ ನಡುಭಾಗದಲ್ಲಿ ಒಂದೆರಡು ಲೋಟ ನೀರು ಸಲೀಸಾಗಿ ನಿಲ್ಲುತ್ತದೆ. ಆ ನೀರನ್ನು ಹತ್ತಿರದಿಂದ ನೋಡಬೇಕು. ಮೊದಲ ನೋಟಕ್ಕೆ ಕಂದು ಬಣ್ಣದ ನೀರು, ತಳದಲ್ಲಿ ಎರಡು ಕೊಳೆತ ಎಲೆ, ಅಷ್ಟೇ. ನಮ್ಮ ನೆರಳು ಬಿದ್ದ ಕೂಡಲೇ ಮರಿಗಳು ತಳಕ್ಕೆ ಇಳಿದುಬಿಡುತ್ತವೆ. ಅವಸರದಲ್ಲಿ ನೋಡಿ ಹೋಗುವವರು "ಇದರಲ್ಲಿ ಇಲ್ಲ" ಎಂದು ಬರೆಯುವುದು ಇಲ್ಲಿಯೇ. ಅಲುಗಾಡದೆ ಒಂದು ನಿಮಿಷ ಕೂತರೆ ಒಂದೊಂದಾಗಿ ಮೇಲೆ ಬರುತ್ತವೆ, ಹಾವಿನಂತೆ ಮೈ ಬಳುಕಿಸುತ್ತಾ. ಬಾಲದ ತುದಿಯ ಉಸಿರು ಕೊಳವೆಯನ್ನು ನೀರಿನ ಮೇಲ್ಮೈಗೆ ತಾಗಿಸಿ ತಲೆಕೆಳಗಾಗಿ ನೇತುಬೀಳುತ್ತವೆ. ಕೊಳವೆ ಗಿಡ್ಡ, ದಪ್ಪ ಇದ್ದರೆ ಈಡಿಸ್. ಉದ್ದ, ಸಪೂರ ಇದ್ದರೆ ಆನೆಕಾಲು ರೋಗ ಹರಡುವ ಕ್ಯೂಲೆಕ್ಸ್. ನೇತುಬೀಳದೆ ನೀರಿನ ಮೇಲ್ಮೈಗೆ ಸಮವಾಗಿ ಅಡ್ಡ ಮಲಗಿದ್ದರೆ ಮಲೇರಿಯಾದ ಅನಾಫಿಲಿಸ್. ಅನುಮಾನವಿದ್ದರೆ ಜಾಲರಿಯಲ್ಲಿ ಸೋಸಿ ಬಿಳಿ ಬೋಗುಣಿಯ ಶುದ್ಧ ನೀರಿಗೆ ಹಾಕಿ ಟಾರ್ಚು ಹಿಡಿದರೆ ಸ್ಪಷ್ಟವಾಗುತ್ತದೆ. ಮನೆಯವರಿಗೆ ಆ ಬೋಗುಣಿಯನ್ನೇ ತೋರಿಸುತ್ತೇವೆ. ನೂರು ಕರಪತ್ರ ಹಂಚಿ ಆಗದ್ದು ಅದರಿಂದ ಆಗುತ್ತದೆ.

ಮರಿಗಳ ನಡುವೆ ತಲೆ ದಪ್ಪಗಿದ್ದು ಬಾಲ ಕೆಳಕ್ಕೆ ಬಾಗಿದ ಪ್ಯೂಪಾ ಕಂಡರೆ ಆ ತೋಟಕ್ಕೆ ಕೆಂಪು ಶಾಯಿಯ ಗುರುತು. ಪ್ಯೂಪಾ ತಿನ್ನುವುದಿಲ್ಲ, ಎರಡು ದಿನದಲ್ಲಿ ಸೊಳ್ಳೆಯಾಗಿ ಹಾರುತ್ತದೆ. ಮೊಟ್ಟೆ ಒಡೆದಲ್ಲಿಂದ ಹಾರುವವರೆಗೆ ನಮ್ಮ ಹವೆಯಲ್ಲಿ 7ರಿಂದ 10 ದಿನ. ವಾರಕ್ಕೊಮ್ಮೆ ಎಂದು ನಾವು ಹಟ ಹಿಡಿಯುವುದು ಈ ಏಳು ದಿನದ ಕಾರಣಕ್ಕೆ. ಹತ್ತು ದಿನಕ್ಕೊಮ್ಮೆ ಮಾಡಿದರೆ ಅಷ್ಟರಲ್ಲಿ ಒಂದು ತಂಡ ಹಾರಿಹೋಗಿರುತ್ತದೆ. ಕೇರಳದಲ್ಲಿ ನಿಂತ ನೀರು ಖಾಲಿ ಮಾಡುವ ಡ್ರೈ ಡೇ ಎಂದು ಶುಕ್ರವಾರ ಶಾಲೆಗಳಿಗೆ, ಶನಿವಾರ ಕಚೇರಿಗಳಿಗೆ, ಭಾನುವಾರ ಮನೆಗಳಿಗೆ ಇಟ್ಟಿದ್ದಾರೆ. ತೋಟಕ್ಕೆ ಬೇರೆ ದಿನ ಇಲ್ಲ. ಭಾನುವಾರದ ಪಟ್ಟಿಯಲ್ಲೇ ಅದನ್ನು ಸೇರಿಸಿಕೊಳ್ಳಬೇಕು.

"ಎರಡು ಎಕರೆ ತೋಟ, ಎಲ್ಲಿ ಅಂತ ಹೆಕ್ಕುವುದು? ಜನ ಸಿಗುವುದಿಲ್ಲ" ಎಂದು ಹಿರಿಯರು ಹೇಳುತ್ತಾರೆ. ಮಾತು ಸುಳ್ಳಲ್ಲ. ಆದರೆ ಹಾಳೆಯನ್ನೆಲ್ಲ ಹೊತ್ತು ಹೊರಗೆ ಹಾಕಬೇಕೆಂದೇನೂ ಇಲ್ಲ. "ಮಾವ, ಅಡಿಕೆ ಹೆಕ್ಕಲಿಕ್ಕೆ ಹೇಗೂ ಹೋಗುತ್ತೀರಲ್ಲ, ಕಂಡ ಹಾಳೆಯನ್ನು ಅಲ್ಲೇ ಕತ್ತಿಯಿಂದ ಉದ್ದಕ್ಕೆ ಸೀಳಿ ಬಿಡಿ" ಎನ್ನುತ್ತೇವೆ. ನೀರು ಚೆಲ್ಲಿ ಕವುಚಿ ಹಾಕುವುದು ಅರ್ಧ ಕೆಲಸ. ಗಾಳಿಗೆ, ದನದ ಕಾಲಿಗೆ, ನಾಯಿ ಓಡಿದ್ದಕ್ಕೆ ಮತ್ತೆ ಅಂಗಾತ ಆಗುತ್ತದೆ. ಉದ್ದಕ್ಕೆ ನಡುವಿನಲ್ಲಿ ಸೀಳಿದ ಹಾಳೆ ಹೇಗೆ ಬಿದ್ದರೂ ನೀರು ಹಿಡಿಯದು, ಮರದ ಬುಡಕ್ಕೆ ಸೊಪ್ಪಾಗುತ್ತದೆ. ಅಡ್ಡಕ್ಕೆ ಕತ್ತರಿಸಿದರೆ ಎರಡು ಸಣ್ಣ ದೊಣೆಗಳಾಗಿ ಎರಡೂ ಕಡೆ ನೀರು ನಿಲ್ಲುತ್ತದೆ, ಅದು ಬೇಡ. ಹಾಳೆತಟ್ಟೆಗೆಂದು ಒಟ್ಟು ಮಾಡುವವರು ಸೋಗೆ ಕಡಿದು ಹಾಳೆಯನ್ನು ಮಾಡಿನ ಅಡಿಯಲ್ಲಿ ನಿಲ್ಲಿಸಿ ಇಡಬೇಕು. ಮಳೆಗೆ ನೆನೆದ ರಾಶಿಯಲ್ಲಿ ಒಂದರೊಳಗೊಂದು ಕೂತ ಹಾಳೆಗಳ ಸಂದಿನಲ್ಲೂ ಮರಿ ಬೆಳೆಯುತ್ತದೆ, ಮೇಲಿನ ಹಾಳೆ ಎತ್ತಿದರೆ ಮಾತ್ರ ಕಾಣುತ್ತದೆ.

ಚೆಲ್ಲುವ ನೀರು ಎಲ್ಲಿಗೆ ಹೋಗುತ್ತದೆ ಎನ್ನುವುದನ್ನೂ ನೋಡಬೇಕು. ಒಣ ಮಣ್ಣಿಗೆ ಚೆಲ್ಲಿದರೆ ಮರಿಗಳು ಸಾಯುತ್ತವೆ. ನೀರು ನಿಂತ ಕಣಿಗೆ ಚೆಲ್ಲಿದರೆ ಮನೆ ಬದಲಿಸಿದ ಹಾಗಷ್ಟೇ. ಜುಲೈಯಲ್ಲಿ ಒಣ ಮಣ್ಣೇ ಸಿಗುವುದಿಲ್ಲ. ಆಗ ಜಾಲರಿಯಲ್ಲಿ ಸೋಸಿ ಮರಿಗಳನ್ನು ಬೂದಿಗೋ ಕಲ್ಲಿನ ಮೇಲೋ ತಟ್ಟಿಬಿಡುತ್ತೇವೆ.

ಮಳೆಗಾಲಕ್ಕಷ್ಟೇ ಈ ಕೆಲಸ ಎಂಬ ನಂಬಿಕೆ ತೋಟದವರಲ್ಲಿ ಗಟ್ಟಿಯಾಗಿದೆ. ಡಿಸೆಂಬರಿನಿಂದ ಮೇ ತನಕ ಸ್ಪ್ರಿಂಕ್ಲರ್ ತಿರುಗುವ ತೋಟದಲ್ಲಿ ಬೇಸಗೆಯಲ್ಲೂ ಹಾಳೆಗೆ ನೀರು ಬೀಳುತ್ತದೆ. ಹೊರಗೆ ನೆಲ ಬಿರಿಯುವಾಗ ತೋಟದೊಳಗೆ ತಂಪು, ನೆರಳು, ಹಾಳೆಯಲ್ಲಿ ನೀರು. ಸೊಳ್ಳೆ ಅಲ್ಲಿ ಬೇಸಗೆ ಕಳೆಯುತ್ತದೆ. ನೀರು ಆರಿದರೂ ಅದರ ಮೊಟ್ಟೆ ಸಾಯದು. ಅರ್ಧ ಮಿಲಿಮೀಟರಿನ ಕಪ್ಪು ಮೊಟ್ಟೆಗಳು ನೀರಿನ ಅಂಚಿನ ಗೆರೆಯಿಂದ ತುಸು ಮೇಲೆ ಅಂಟಿಕೊಂಡು ತಿಂಗಳುಗಟ್ಟಲೆ ಒಣಗಿ ಇರಬಲ್ಲವು. ಮೇ ಕೊನೆಯ ಮೊದಲ ಜೋರು ಮಳೆಗೆ ನೀರು ಆ ಗೆರೆ ಮುಟ್ಟಿದ ಕೂಡಲೇ ಒಡೆಯುತ್ತವೆ. ಡ್ರಮ್ಮು, ಬಾನಿ, ಟಾಂಕಿಗಳ ನೀರು ಚೆಲ್ಲಿದ ಮೇಲೆ ಒಳಗೋಡೆಯನ್ನು ತೆಂಗಿನ ನಾರಿನಿಂದ ಗಸಗಸ ತಿಕ್ಕಬೇಕು ಎಂದು ಹೇಳುವುದು ಈ ಮೊಟ್ಟೆಗಾಗಿ. ತಿಕ್ಕದೆ ಬರೇ ಖಾಲಿ ಮಾಡಿ ಮತ್ತೆ ತುಂಬಿಸಿದರೆ ಮುಂದಿನ ಪೀಳಿಗೆಗೆ ನಾವೇ ನೀರೆರೆದ ಹಾಗೆ. ಸೋಂಕು ಹೊತ್ತ ಹೆಣ್ಣು ಸೊಳ್ಳೆಯ ಮೊಟ್ಟೆಯೊಳಗೂ ವೈರಸ್ ದಾಟುವುದುಂಟು, ಆದ್ದರಿಂದ ಮೊಟ್ಟೆಯನ್ನು ಹಗುರವಾಗಿ ತೆಗೆದುಕೊಳ್ಳುವ ಹಾಗಿಲ್ಲ.

ಅಡಿಕೆಯ ಕೊಳೆರೋಗಕ್ಕೆ ಮದ್ದು ಬಿಡುವ ಡ್ರಮ್ಮುಗಳ ವಿಷಯ ಬೇರೆಯೇ ಹೇಳಬೇಕು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ ಹಾಕಿ ಬೋರ್ಡೋ ದ್ರಾವಣ ಮಾಡುತ್ತಾರೆ. ಎರಡು ಸಲ ಮದ್ದು ಬಿಡುವ ನಡುವೆ ತಿಂಗಳು-ಒಂದೂವರೆ ತಿಂಗಳು ಅಂತರ. ಅಷ್ಟು ದಿನ ತೊಳೆದ ಡ್ರಮ್ಮು ತೋಟದಲ್ಲೇ ಬಾಯಿ ತೆರೆದು ನಿಂತಿರುತ್ತದೆ. ಅದನ್ನು ಮಗುಚಿ ಇಡಲು ಒಂದು ನಿಮಿಷ ಸಾಕು. ಮಗುಚಿದ ಡ್ರಮ್ಮಿನ ತಳದ ಅಂಚಿನಲ್ಲೂ ಅರ್ಧ ಇಂಚು ನೀರು ನಿಲ್ಲುತ್ತದೆ, ಸ್ವಲ್ಪ ವಾಲಿಸಿ ಇಟ್ಟರೆ ಹರಿದುಹೋಗುತ್ತದೆ. ಮದ್ದಿನ ಬದಲು ಗೊನೆಗೆ ಪ್ಲಾಸ್ಟಿಕ್ ಕೊಟ್ಟೆ ಕಟ್ಟುವವರು ಕೊಯ್ಲಿನಲ್ಲಿ ಅದನ್ನು ಬುಡಕ್ಕೆ ಎಸೆಯುತ್ತಾರೆ. ಅದರ ಮಡಿಕೆಗಳಲ್ಲಿ ನೀರು ನಿಲ್ಲುತ್ತದೆ, ಮಣ್ಣಿಗೂ ಸೇರದು. ಒಂದು ಗೋಣಿಗೆ ತುಂಬಿಸಿ ಮನೆ ಮನೆಯಿಂದ ಪ್ಲಾಸ್ಟಿಕ್ ಸಂಗ್ರಹಿಸುವ ಹರಿತ ಕರ್ಮಸೇನೆಯವರಿಗೆ ಕೊಡಬೇಕು.

ಕೊಕ್ಕೊ ಇರುವಲ್ಲಿ ಅಳಿಲು, ಇಲಿ ತೂತು ಮಾಡಿದ ಕಾಯಿಗಳು ಮರದಲ್ಲೇ ನೇತಾಡಿಕೊಂಡು ನೀರು ತುಂಬಿಸಿಕೊಳ್ಳುತ್ತವೆ. ಅವನ್ನು ಕೊಯ್ದು, ಬೀಜ ತೆಗೆದ ಸಿಪ್ಪೆಯ ಜೊತೆ ಹೂಳುವುದು ಒಳ್ಳೆಯದು. ರಬ್ಬರಿನಲ್ಲಿ ಮಳೆಗೆ ಟ್ಯಾಪಿಂಗ್ ನಿಲ್ಲಿಸಿದಾಗ ಹಾಲು ಹಿಡಿಯುವ ಚಿಪ್ಪುಗಳನ್ನು ಕಂಬಿಯಲ್ಲೇ ಕವುಚಿ ಇಡಬೇಕು. ಒಂದು ಎಕರೆ ರಬ್ಬರಿನಲ್ಲಿ ಚಿಪ್ಪುಗಳು ನೂರಾರು, ಒಂದೊಂದೂ ಒಂದು ತೊಟ್ಟಿಲು. ಎಳನೀರು ಕುಡಿದು ಎಸೆದ ಬೊಂಡವನ್ನು ನಾಲ್ಕಾಗಿ ಕಡಿಯಿರಿ, ಗೆರಟೆಯನ್ನು ಒಲೆಗೆ ಹಾಕಿ.

ಬಾಯಾರು, ಪಡ್ರೆಯಂಥ ಊರುಗಳಲ್ಲಿ ಸುರಂಗದ ನೀರು ಇದೆ. ಗುಡ್ಡದ ಹೊಟ್ಟೆಯಿಂದ ಸಣ್ಣ ಧಾರೆಯಾಗಿ ಬರುವ ಆ ನೀರಿನಲ್ಲಿ ಈಡಿಸ್ ಬೆಳೆಯದು, ಅದನ್ನು ಹಿಡಿದಿಡುವ ಟಾಂಕಿಯಲ್ಲಿ ಬೆಳೆಯುತ್ತದೆ. ಏಪ್ರಿಲಿನಲ್ಲಿ ಆ ನೀರನ್ನು ಚೆಲ್ಲಿ ಎಂದು ಹೇಳುವುದು ಅನ್ಯಾಯ. ನಾವು ಹೇಳುವುದೂ ಇಲ್ಲ. ಬೈರಾಸನ್ನು (ತೆಳು ಟವೆಲನ್ನು) ಎರಡು ಪದರ ಮಾಡಿ ಇನ್ನೊಂದು ಪಾತ್ರೆಗೆ ಸೋಸಿ, ಟಾಂಕಿಯ ಗೋಡೆ ತಿಕ್ಕಿ, ನೀರನ್ನು ಮತ್ತೆ ತುಂಬಿಸಬಹುದು. ಟಾಂಕಿ ದೊಡ್ಡದಾದರೆ ಮರಿ ತಿನ್ನುವ ಗಪ್ಪಿ ಮೀನು ಬಿಡಬಹುದು. ಗಪ್ಪಿಯನ್ನು ತೋಡಿಗೆ, ಮದಕಕ್ಕೆ ಬಿಡಬೇಡಿ. ಹೊರನಾಡಿನ ಮೀನು ಅದು, ಸ್ಥಳೀಯ ಮೀನುಗಳ ಜಾಗ ಹಿಡಿಯುತ್ತದೆ. ಖಾಲಿ ಮಾಡಲಾಗದ, ಕುಡಿಯಲು ಬಳಸದ ತೊಟ್ಟಿಗೆ ಮರಿ ಕೊಲ್ಲುವ ಮದ್ದು ಟೆಮೆಫಾಸ್ ಹಾಕುತ್ತೇವೆ. ಶೇಕಡಾ 50ರ ದ್ರಾವಣವಾದರೆ ಸಾವಿರ ಲೀಟರಿಗೆ ಎರಡು ಮಿಲಿಲೀಟರ್, ಅಂದರೆ ಲೀಟರಿಗೆ ಒಂದು ಮಿಲಿಗ್ರಾಂ. ಕಣ್ಣಳತೆಯಲ್ಲಿ ಸುರಿಯುವುದು ತಪ್ಪು. ಹೆಚ್ಚಾದರೆ ವಿಷ, ಕಡಿಮೆಯಾದರೆ ಬದುಕುಳಿದ ಮರಿಗಳಿಂದ ಮದ್ದಿಗೆ ಜಗ್ಗದ ಸಂತಾನ.

ಹೊಗೆ ಬಿಡುವುದು ಇಷ್ಟೆಲ್ಲ ಆದ ಮೇಲೆ. ಹೊಗೆ ಕೊಲ್ಲುವುದು ಆ ಹೊತ್ತಿಗೆ ಹಾರುತ್ತಿರುವ ಸೊಳ್ಳೆಯನ್ನು ಮಾತ್ರ. ಹಾಳೆಯೊಳಗಿನ ಮರಿ, ಪ್ಯೂಪಾ, ಮೊಟ್ಟೆಗೆ ಅದರ ಸುದ್ದಿಯೇ ಇಲ್ಲ. ಮೂಲ ಕೀಳದೆ ಹೊಗೆ ಬಿಟ್ಟರೆ ಮರುದಿನವೇ ಹೊಸ ಸೊಳ್ಳೆ ಏಳುತ್ತದೆ. ಹಾಗೆಂದು ಹೊಗೆಗೆ ಕೆಲಸವೇ ಇಲ್ಲವೆಂದಲ್ಲ. ರೋಗಿಯ ಮನೆಯಲ್ಲಿ ಆಗಲೇ ವೈರಸ್ ಹೊತ್ತಿರುವ ಸೊಳ್ಳೆಗಳನ್ನು ಬೇಗ ಕೊಲ್ಲಲು ಅದೇ ಬೇಕು. ಮನೆಯೊಳಗೆ ಸಿಂಪಡಿಸಲು ಶೇಕಡಾ 2ರ ಪೈರಿಥ್ರಮ್ ಕೀಟನಾಶಕ ಒಂದು ಪಾಲಿಗೆ ಸೀಮೆಎಣ್ಣೆ 19 ಪಾಲು: 50 ಮಿಲಿಲೀಟರಿಗೆ 950. ಸೀಮೆಎಣ್ಣೆ ಇರುವುದರಿಂದ ಒಲೆ, ದೇವರ ದೀಪ, ಗ್ಯಾಸ್ ಎಲ್ಲ ಆರಿಸಬೇಕು. ಅನ್ನ, ನೀರು ಮುಚ್ಚಿ, ಮಕ್ಕಳು, ಅಸ್ತಮಾದವರು, ಪಂಜರದ ಹಕ್ಕಿ ಹೊರಗೆ. ಕಿಟಕಿ ಬಾಗಿಲು ಹಾಕಿ ಸಿಂಪಡಿಸಿ, ಕಾಲು ಗಂಟೆಯಿಂದ ಇಪ್ಪತ್ತು ನಿಮಿಷ ಮುಚ್ಚಿ ಇಟ್ಟು, ಆಮೇಲೆ ತೆರೆದು ಗಾಳಿಯಾಡಲು ಬಿಡಬೇಕು. ಮಂಚದ ಅಡಿ, ಕಪಾಟಿನ ಹಿಂದೆ, ತೂಗುಹಾಕಿದ ಬಟ್ಟೆಯ ನಡುವೆ ಬಿಡದಿದ್ದರೆ ಪ್ರಯೋಜನ ಅರ್ಧ, ಏಕೆಂದರೆ ಸೊಳ್ಳೆ ಕೂರುವುದು ಅಲ್ಲೇ. ಹೊರಗೆ ಹೊಗೆ ಬಿಡುವುದಾದರೆ ಮುಂಜಾನೆ ಅಥವಾ ಸಂಜೆ, ಗಾಳಿ ಇಲ್ಲದಾಗ. ಮಧ್ಯಾಹ್ನ ನೆಲ ಕಾದಿರುವಾಗ ಬಿಟ್ಟ ಹೊಗೆ ನೇರ ಮೇಲೆ ಹೋಗಿಬಿಡುತ್ತದೆ. ಮಳೆ ಬರುವಾಗಲೂ ದಂಡ.

ರೋಗಿಯೂ ಈ ಸರಪಳಿಯ ಒಂದು ಕೊಂಡಿ. ಜ್ವರ ಬರುವ ಒಂದೆರಡು ದಿನ ಮೊದಲಿನಿಂದ ಜ್ವರದ ಐದನೇ ದಿನದ ತನಕ ಅವರ ರಕ್ತದಲ್ಲಿ ವೈರಸ್ ಇರುತ್ತದೆ. ಆ ದಿನಗಳಲ್ಲಿ ಹಗಲಲ್ಲೂ ಸೊಳ್ಳೆ ಪರದೆಯೊಳಗೆ ಮಲಗಬೇಕು. ಸೆಖೆ ಎಂದು ಚಾವಡಿಯಲ್ಲಿ ಮಲಗಿಸುವುದು ಇಲ್ಲಿನ ರೂಢಿ. ತೋಟದ ಸೊಳ್ಳೆಗೆ ಅದಕ್ಕಿಂತ ಅನುಕೂಲ ಬೇರೆ ಇಲ್ಲ. ಜ್ವರಕ್ಕೆ ಪ್ಯಾರಸಿಟಮಾಲ್ ಮಾತ್ರ: ದೊಡ್ಡವರಿಗೆ 500 ಮಿಲಿಗ್ರಾಂ, ಆರು ಗಂಟೆ ಅಂತರದಲ್ಲಿ. ಮಕ್ಕಳಿಗೆ ತೂಕ ನೋಡಿ ಡಾಕ್ಟರು ಹೇಳಿದಷ್ಟು. ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೊಫಿನಾಕ್ ರಕ್ತಸ್ರಾವ ಹೆಚ್ಚಿಸುವುದರಿಂದ ಮುಟ್ಟಬಾರದು. ಮೈಕೈ ನೋವಿಗೆಂದು ಮೆಡಿಕಲ್ ಅಂಗಡಿಯಿಂದ ತರುವ ಗುಳಿಗೆಗಳಲ್ಲಿ ಹೆಚ್ಚಾಗಿ ಇವೇ ಇರುತ್ತವೆ, ಹೆಸರು ಓದಿ ನೋಡಿ. ಉಪ್ಪು ಹಾಕಿದ ಗಂಜಿತಿಳಿ, ಬೊಂಡ, ಒಂದು ಲೀಟರ್ ನೀರಿಗೆ ಒಂದು ಪ್ಯಾಕೆಟ್ ಓಆರ್‌ಎಸ್ ಗುಟುಕು ಗುಟುಕಾಗಿ ಕೊಡುತ್ತಿರಬೇಕು.

ಅಪಾಯ ಬರುವುದು ಜ್ವರ ಇಳಿದಾಗ, ಮೂರರಿಂದ ಏಳನೇ ದಿನದೊಳಗೆ. ಮನೆಯವರು "ಜ್ವರ ಬಿಟ್ಟಿತು" ಎಂದು ಸಂತೋಷಪಡುವ ಹೊತ್ತಿಗೇ ರಕ್ತನಾಳಗಳಿಂದ ದ್ರವ ಸೋರಲು ಶುರುವಾಗಬಹುದು. ಹೊಟ್ಟೆ ನೋವು ಜೋರಾಗುವುದು, ನಿಲ್ಲದ ವಾಂತಿ, ವಸಡಿನಲ್ಲೋ ಮೂಗಿನಲ್ಲೋ ರಕ್ತ, ಕೈಕಾಲು ತಣ್ಣಗಾಗುವುದು, ಮಂಪರು, ಆರು ಗಂಟೆ ಕಳೆದರೂ ಮೂತ್ರ ಬಾರದಿರುವುದು: ಇವುಗಳಲ್ಲಿ ಒಂದು ಕಂಡರೂ ಆ ಕ್ಷಣ ಆಸ್ಪತ್ರೆ. ಪ್ಲೇಟ್‌ಲೆಟ್ ಎಷ್ಟು ಎಂಬ ಒಂದೇ ಸಂಖ್ಯೆಯ ಹಿಂದೆ ಎಲ್ಲರೂ ಬೀಳುತ್ತಾರೆ. ಅದೇ ಚೀಟಿಯಲ್ಲಿರುವ ಹೆಮಟೋಕ್ರಿಟ್ ಏರುತ್ತಿದೆಯೇ ಎಂಬುದೂ ಡಾಕ್ಟರಿಗೆ ಅಷ್ಟೇ ಮುಖ್ಯ, ರಕ್ತ ದಪ್ಪವಾಗುತ್ತಿರುವುದನ್ನು ಹೇಳುವುದು ಅದು. ಪಪ್ಪಾಯಿ ಎಲೆಯ ರಸ ಕುಡಿಸುತ್ತಾ ಆಸ್ಪತ್ರೆಗೆ ತಡಮಾಡುವುದನ್ನು ನೋಡಿದರೆ ಸಂಕಟವಾಗುತ್ತದೆ. ಒಮ್ಮೆ ಡೆಂಗ್ಯೂ ಬಂದವರಿಗೆ ಮತ್ತೆ ಬಾರದೆಂದೂ ಇಲ್ಲ. ವೈರಸ್ಸಿನಲ್ಲಿ ನಾಲ್ಕು ಬಗೆ. ಬೇರೆ ಬಗೆಯದ್ದು ಎರಡನೇ ಸಲ ತಗಲಿದರೆ ರೋಗ ತೀವ್ರವಾಗುವ ಸಾಧ್ಯತೆ ಹೆಚ್ಚು.

ಮೊದಲ ಸುತ್ತು ಮುಗಿಸಿದ ಏಳನೇ ದಿನ ಅದೇ ಮನೆಗಳಿಗೆ ಮತ್ತೆ ಹೋಗುತ್ತೇವೆ. ಈ ಸೊಳ್ಳೆ ಸಾಮಾನ್ಯವಾಗಿ ನೂರಿನ್ನೂರು ಮೀಟರಿಗಿಂತ ದೂರ ಹಾರದು, ಹಾಗಾಗಿ ರೋಗಿಯ ಮನೆಯನ್ನು ನಡುವಿಟ್ಟು ಸುತ್ತಲಿನ ತೋಟಗಳನ್ನು ಗಟ್ಟಿಯಾಗಿ ಹಿಡಿದರೆ ಫಲ ಕಾಣುತ್ತದೆ. ಫಲ ಅಳೆಯುವುದಕ್ಕೆ ಲೆಕ್ಕವಿದೆ. ಉದಾಹರಣೆಗೆ 40 ಮನೆ ನೋಡಿ, 8 ಮನೆಗಳಲ್ಲಿ ಮರಿ ಸಿಕ್ಕಿ, ಮರಿ ಇದ್ದ ಜಾಗಗಳು ಒಟ್ಟು 22 ಆದರೆ, ಹೌಸ್ ಇಂಡೆಕ್ಸ್, ಅಂದರೆ ನೂರು ಮನೆಗಳಲ್ಲಿ ಮರಿ ಸಿಕ್ಕ ಮನೆ ಎಷ್ಟು ಎಂಬುದು, 20. ಬ್ರೆಟೂ ಇಂಡೆಕ್ಸ್ ಎಂದರೆ ನೂರು ಮನೆಗೆ ಮರಿ ಇರುವ ಜಾಗ ಎಷ್ಟು ಎಂಬುದು, ಇಲ್ಲಿ 55. ಬ್ರೆಟೂ ಇಂಡೆಕ್ಸ್ ಐದಕ್ಕಿಂತ ಕೆಳಗಿದ್ದರೆ ಹರಡುವ ಭಯ ಕಡಿಮೆ, 50 ದಾಟಿದರೆ ಗಂಭೀರ. ತೋಟದ ಊರಿಗೆ ಹೌಸ್ ಇಂಡೆಕ್ಸ್ ನಂಬಿಕೊಂಡರೆ ಮೋಸ ಹೋಗುತ್ತೇವೆ ಎಂಬುದು ನಮ್ಮ ಖಚಿತ ಅಭಿಪ್ರಾಯ. ಒಂದು ಹೂಕುಂಡದಲ್ಲಿ ಮರಿ ಇದ್ದ ಮನೆಯೂ ಒಂದೇ, ಎರಡು ಎಕರೆಯಲ್ಲಿ ನಲವತ್ತು ಹಾಳೆಯಲ್ಲಿ ಮರಿ ಇದ್ದ ಮನೆಯೂ ಅಲ್ಲಿ ಒಂದೇ. ಆದ್ದರಿಂದ ಯಾವ ಬಗೆಯ ಜಾಗದಲ್ಲಿ ಎಷ್ಟು ಸಿಕ್ಕಿತು, ಪ್ಯೂಪಾ ಎಷ್ಟು ಎಂದು ಬೇರೆ ಬೇರೆ ಬರೆಯುತ್ತೇವೆ. ಏಳನೇ ದಿನ ಸಣ್ಣ ಮರಿ ಮಾತ್ರ ಸಿಕ್ಕಿ ಪ್ಯೂಪಾ ಇಲ್ಲದಿದ್ದರೆ ಹಳೆಯದೆಲ್ಲ ಹೋಗಿದೆ, ಈಗ ಕಾಣುವುದು ಹೊಸ ಹಾಳೆಯದ್ದು ಎಂದು ತಿಳಿಯುತ್ತದೆ. ಪ್ಯೂಪಾ ಸಿಕ್ಕಿದರೆ ಮೊದಲ ಸುತ್ತಿನಲ್ಲಿ ಎಲ್ಲೋ ಬಿಟ್ಟುಹೋಗಿದೆ. ಮೇಲೆ ಹೇಳಿದ ದಂಬೆ, ಹಾಳೆಯ ರಾಶಿ, ಡ್ರಮ್ಮಿನ ತಳ ಮೊದಲು ನೋಡುತ್ತೇವೆ. ಎಷ್ಟು ಹೇಳಿದರೂ ಕೇಳದ ಜಾಗದಲ್ಲಿ 2023ರ ಕೇರಳ ಸಾರ್ವಜನಿಕ ಆರೋಗ್ಯ ಕಾಯ್ದೆಯ ಪ್ರಕಾರ ನೋಟೀಸು, ದಂಡಕ್ಕೂ ಅವಕಾಶವಿದೆ. ನೋಟೀಸು ಕನ್ನಡ ಓದುವ ಮನೆಗೆ ಕನ್ನಡದಲ್ಲೇ ಹೋಗಬೇಕು, ಇಲ್ಲದಿದ್ದರೆ ಅದು ಕಾಗದ ಮಾತ್ರ.

ಗಡಿಯ ಈ ಊರುಗಳಿಗೆ ಇನ್ನೊಂದು ತೊಡಕಿದೆ. ತಲಪಾಡಿ ದಾಟಿದರೆ ಮಂಗಳೂರು. ಜ್ವರ ಜೋರಾದರೆ ಜನ ಅಲ್ಲಿಗೇ ಹೋಗುತ್ತಾರೆ, ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಪರೀಕ್ಷೆಯ ಫಲ ಬೇರೆ ರಾಜ್ಯದಲ್ಲಿ ದಾಖಲಾಗಿ, ಇಲ್ಲಿನ ಆರೋಗ್ಯ ಕೇಂದ್ರಕ್ಕೆ ತಿಳಿಯುವಾಗ ಒಂದು ವಾರ ಕಳೆದಿರಬಹುದು. ಆ ಒಂದು ವಾರದಲ್ಲಿ ತೋಟದಲ್ಲಿ ಒಂದು ತಲೆಮಾರು ಸೊಳ್ಳೆ ಹುಟ್ಟಿಯಾಗಿರುತ್ತದೆ. ಎನ್ಎಸ್1 ಅಥವಾ ಐಜಿಎಂ ಪಾಸಿಟಿವ್ ಎಂಬ ಚೀಟಿ ಕೈಗೆ ಬಂದ ಕೂಡಲೇ ಅದರ ಫೋಟೋ ತೆಗೆದು ನಿಮ್ಮ ವಾರ್ಡಿನ ಆಶಾ ಕಾರ್ಯಕರ್ತೆಗೆ ವಾಟ್ಸಾಪ್ ಮಾಡಿ, ಜ್ವರ ಶುರುವಾದ ದಿನವನ್ನೂ ಬರೆಯಿರಿ. ರೋಗಿ ಆಸ್ಪತ್ರೆಯಿಂದ ಮನೆಗೆ ಬರುವುದಕ್ಕೆ ಕಾಯುವುದು ಬೇಡ.